ನನ್ನ ಸಂಬಳದ ‘ಇತರೆ’ ಬಾಬ್ತು

ಕೆಲವರಿಗೆ ಜಾತ್ರೆಯಲ್ಲಿ ತಮಾಷೆ ಸಿಗುತ್ತದೆ, ಕೆಲವರಿಗೆ ನೆಂಟರ ಮನೆಯಲ್ಲಿ. ನನಗೆ ಮಾತ್ರ ಪ್ರತಿ ತಿಂಗಳ ಒಂದನೆಯ ತಾರೀಖು ತಪ್ಪದೆ ಸಂಬಳದ ಲಕೋಟೆಯಲ್ಲಿ ಸಿಗುತ್ತಿತ್ತು. ಆಗ ನಗು ಬಂದಿರಲಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಪ್ಪತ್ತರ ದಶಕದ ಮಾತು. ಬಳ್ಳಾರಿಯಲ್ಲಿ, ಹತ್ತಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿದ್ದ ಹನ್ನೆರಡು ಹಾಸಿಗೆಗಳ ನರ್ಸಿಂಗ್ ಹೋಮೊಂದಕ್ಕೆ ನಾನು ಮೇಟ್ರನ್. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಕಲಿತವರಿಗೆ ಒಂಬತ್ತು ಗಂಟೆ ಎಂದರೆ ಒಂಬತ್ತು ಗಂಟೆ, ಒಂಬತ್ತೂ ಐದಲ್ಲ. ನೂರ ಎಂಬತ್ತು ರೂಪಾಯಿ ಸಂಬಳ ಎಂದರೆ ನೂರ ಎಂಬತ್ತು. ಮೂರು ವರ್ಷ ಅಲ್ಲಿ ದುಡಿದೆ. ಒಂದೇ ಒಂದು ಸಲವಾದರೂ ಆ ನೂರ ಎಂಬತ್ತನ್ನು ಪೂರ್ತಿಯಾಗಿ ಕೈಯಲ್ಲಿ ಹಿಡಿಯದೆ ಈ ಕೆಲಸ ಬಿಡುವುದಿಲ್ಲ ಎಂಬುದು ನನ್ನ ಹಟವಾಗಿತ್ತು.

ಕಸ ಮತ್ತು ತೇವ

ಮೊದಲ ತಿಂಗಳ ಲಕೋಟೆಯಲ್ಲಿ ನೂರ ಎಪ್ಪತ್ತನಾಲ್ಕೂವರೆ ರೂಪಾಯಿ ಇತ್ತು. ಜೊತೆಗೊಂದು ಚೀಟಿ: ‘ಮುರಿದುಕೊಂಡದ್ದು, ಇತರೆ, 5-50.’

ನಮ್ಮ ಡಾಕ್ಟರು ಬಹಳ ಒಳ್ಳೆಯವರು. ಹೊಟ್ಟೆ ಕೊಯ್ದು ಹೊಲಿಯುವುದು ಗೊತ್ತಿತ್ತೇ ಹೊರತು ಲೆಕ್ಕ ಗೊತ್ತಿರಲಿಲ್ಲ. ಅದನ್ನೆಲ್ಲ ಅವರ ಸೋದರಮಾವ ನೋಡಿಕೊಳ್ಳುತ್ತಿದ್ದರು; ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ‘ಮಾವನವರು’. ಮೂವತ್ತು ವರ್ಷ ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದು, ಆಮೇಲೆ ಅಕ್ಕನ ಮಗನ ಆಸ್ಪತ್ರೆಗೆ ಮ್ಯಾನೇಜರಾಗಿ ಬಂದವರು. ನಾನು ಚೀಟಿ ಹಿಡಿದು ಅವರ ಮೇಜಿನ ಮುಂದೆ ನಿಂತೆ.

“ಇತರೆ ಎಂದರೆ ಏನು?”

“ಇತರೆ ಅಂದ್ರ ಇತರೇರಿ, ಮೇಟ್ರನ್ನಮ್ಮಾರೇ. ಹತ್ತಿ ತಗೊಂಡ್ರ ಅದ್ರಾಗ ಕಸ ಇರತೈತಿ, ತೇವ ಇರತೈತಿ. ಒಂದಿಷ್ಟು ಮುರಕೊಂಡೇ ರೊಕ್ಕ ಕೊಡಬೇಕು. ಏನೂ ಮುರಕೊಳ್ಳದ ಕೊಟ್ರ ಮಾರ್ಕೆಟ್‌ನಾಗ ನಗ್ತಾರ.”

“ನಾನು ಹತ್ತಿಯಲ್ಲ. ನನ್ನಲ್ಲಿ ಕಸ ಎಷ್ಟಿದೆ, ತೇವ ಎಷ್ಟಿದೆ, ದಯವಿಟ್ಟು ಹೇಳಿ.”

ಅವರು ಕನ್ನಡಕ ಮೇಲೇರಿಸಿ, ನನ್ನ ಟೋಪಿಯಿಂದ ಬೂಟಿನವರೆಗೆ ಒಮ್ಮೆ ನೋಡಿ, ಬಹಳ ಗಂಭೀರವಾಗಿ ಅಂದರು: “ಇನ್ನೂ ಒಂದು ತಿಂಗ್ಳು ನೋಡಬೇಕ್ರಿ.”

ಸಿರುಗುಪ್ಪದ ಸೋರೆಕಾಯಿ

ಪ್ರತಿ ಗುರುವಾರ ಡಾಕ್ಟರ ಜೀಪಿನಲ್ಲಿ ನಾವು ಸಿರುಗುಪ್ಪಕ್ಕೆ ಹೋಗಿ ರೋಗಿಗಳನ್ನು ನೋಡಿ ಬರುತ್ತಿದ್ದೆವು. ಕಾಲುವೆ ನೀರಿನ ಊರು. ಜನರ ಕೈಯೂ ದೊಡ್ಡದು. ಗುಣವಾದವರು ಫೀಸಿನ ಜೊತೆಗೆ ಅಕ್ಕಿ, ಬದನೆಕಾಯಿ, ಹಸಿಮೆಣಸಿನಕಾಯಿ ತಂದು ಜೀಪಿನಲ್ಲಿಟ್ಟು ಹೋಗುತ್ತಿದ್ದರು. ಒಂದು ಗುರುವಾರ ಡಾಕ್ಟರು ಒಂದು ಸೋರೆಕಾಯಿಯನ್ನು ನನ್ನ ಮಡಿಲಲ್ಲಿಟ್ಟು, “ನಿಮಗಽ ಅಂತ ಕೊಟ್ಟಾರ, ತಗೊಳ್ರಿ ಸಿಸ್ಟರ್” ಎಂದರು. ಮಗುವಿನಂತೆ ಹಿಡಿದುಕೊಂಡು ಬಂದೆ. ಪಲ್ಯವೂ ಚೆನ್ನಾಗಿತ್ತು.

ಆ ತಿಂಗಳ ‘ಇತರೆ’ ಎಪ್ಪತ್ತೈದು ಪೈಸೆ ಹೆಚ್ಚಾಗಿತ್ತು. ಸೋರೆಕಾಯಿಯ ಮಾರುಕಟ್ಟೆ ಬೆಲೆ.

“ಅದು ಉಡುಗೊರೆ” ಎಂದೆ.

“ಕೊಟ್ಟವ್ರು ಉಡುಗೊರೆ ಕೊಟ್ರು, ಡಾಕ್ಟ್ರು ಉಡುಗೊರೆ ಕೊಟ್ರು. ನಾ ಎಲ್ಲಿ ಕೊಟ್ಟೀನ್ರಿ?”

ಮುಂದಿನ ಗುರುವಾರ ಇನ್ನೊಂದು ಸೋರೆಕಾಯಿ ಬಂತು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, “ಬೇಡ, ಡಾಕ್ಟರೇ” ಎಂದೆ. ಇಡೀ ದಾರಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಒಂದನೆಯ ತಾರೀಖು ಲಕೋಟೆಯಲ್ಲಿ ಮತ್ತೆ ಎಪ್ಪತ್ತೈದು ಪೈಸೆ ಹೋಗಿತ್ತು.

“ನಾನು ಮುಟ್ಟಲೇ ಇಲ್ಲವಲ್ಲ!”

“ಅದಕ್ಕಽ ಕೊಳೀತ್ರಿ” ಎಂದರು ಮಾವನವರು.

ಕುರುಗೋಡಿನ ದಾರಿ

ಸೋಮವಾರ ಕುರುಗೋಡಿಗೆ ಹೋಗುವ ದಿನ. ಫೀಸು ವಸೂಲಿಗೆಂದು ಮಾವನವರೂ ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ, ಊರು ಇನ್ನೂ ಎರಡು ಮೈಲಿ ಇರುವಾಗ ಜೀಪು ನಿಂತಿತು. ಡಾಕ್ಟರು ಸ್ಟೀರಿಂಗ್ ಹಿಡಿದರು. ನಾನೂ ನಮ್ಮ ಆಯಾ ಕೂಡ ಇಳಿದು ಹಿಂದೆ ನಿಂತೆವು. ಮಾವನವರು ಮಾತ್ರ ಇಳಿಯಲಿಲ್ಲ.

“ನನಗ ಹರ್ನಿಯಾ ಐತ್ರಿ. ತಳ್ಳಾಕ ಬರಂಗಿಲ್ಲ.”

“ಕೆಳಗೆ ಇಳಿಯುವುದಕ್ಕೆ ಬರುತ್ತದೆಯೇ?”

“ಇಳದ್ರ ಹತ್ತಬೇಕಾಗತೈತ್ರಿ.”

ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು ನಾನು ಜೀಪು ತಳ್ಳಿದೆ. ಬಸ್ಸೊಂದು ನಮ್ಮ ಪಕ್ಕದಲ್ಲಿ ನಿಧಾನ ಮಾಡಿ, ಎಲ್ಲರೂ ಚೆನ್ನಾಗಿ ನೋಡಿದ ಮೇಲೆ ಮುಂದೆ ಹೋಯಿತು. ಜೀಪು ಹೊರಡಲೇ ಇಲ್ಲ. ಸಂಜೆ ಒಂದು ಲಾರಿಯ ಹಿಂದೆ ಕಟ್ಟಿಕೊಂಡು ಬಳ್ಳಾರಿಗೆ ವಾಪಸು ಬಂದೆವು.

ಒಂದನೆಯ ತಾರೀಖು ಲಕೋಟೆ ನೋಡಿದರೆ ಅರ್ಧ ದಿನದ ಸಂಬಳವಿಲ್ಲ. ಅಂದು ಕುರುಗೋಡಿನಲ್ಲಿ ನಾನು ಕೆಲಸ ಮಾಡಿರಲಿಲ್ಲವಂತೆ.

“ಜೀಪು ತಳ್ಳಿದ್ದು ಕೆಲಸವಲ್ಲವೇ?”

“ಕೆಲಸೇರಿ. ಆದ್ರ ಅದು ನರ್ಸ್ ಕೆಲಸ ಅಲ್ಲಲ್ರಿ.”

ಹೊರಗೆ ಬಂದ ಮೇಲೆ ಆಯಾ ನನ್ನ ಕಿವಿಯಲ್ಲಿ ಅಂದಳು: “ಅಮ್ಮಾರೇ, ಅವ್ರನ್ನೂ ಕೂಡಿಸಿ ತಳ್ಳೀವಲ್ಲ, ಅವ್ರ ಬಸ್ ಚಾರ್ಜ್ ನಾವು ಮುರಕೊಳ್ಳಬೇಕಿತ್ತು ನೋಡ್ರಿ.”

ಮುತ್ತಿನಂಥ ಅಕ್ಷರ

ಬಾಯಿಮಾತು ಸಾಕೆನಿಸಿ, ಒಂದು ಪತ್ರ ಬರೆದೆ. ಇಂಗ್ಲಿಷಿನಲ್ಲಿ, ಒಂದೂ ಚುಕ್ಕೆ ತಪ್ಪದ ಕಾನ್ವೆಂಟ್ ಬರವಣಿಗೆಯಲ್ಲಿ. ಈ ಸಂಸ್ಥೆಯಲ್ಲಿ ಕಾರಣ ಹೇಳದೆ ಸಂಬಳ ಕತ್ತರಿಸುತ್ತಾರೆ, ಇದು ಮರ್ಯಾದಸ್ಥರ ಕೆಲಸವಲ್ಲ, ಪ್ರತಿ ಕಡಿತಕ್ಕೂ ಲಿಖಿತ ಕಾರಣ ಬೇಕು ಎಂದು ಮೂರು ಪರಿಚ್ಛೇದಗಳು. ಮಾವನವರ ಮೇಜಿನ ಮೇಲಿಟ್ಟು ಬಂದೆ.

ಮಾವನವರಿಗೆ ಕನ್ನಡ ಬರುತ್ತಿತ್ತು, ತೆಲುಗು ಬರುತ್ತಿತ್ತು. ಇಂಗ್ಲಿಷ್ ಬರುತ್ತಿರಲಿಲ್ಲ.

ವಾರದ ನಂತರ ಆ ಪತ್ರವನ್ನು ರೋಗಿಗಳು ಕಾಯುವ ಕೋಣೆಯ ಗೋಡೆಯ ಮೇಲೆ ಕಂಡೆ. ಗಾಜು ಹಾಕಿಸಿ, ಲಕ್ಷ್ಮಿಯ ಪಟದ ಪಕ್ಕದಲ್ಲಿ ತೂಗುಹಾಕಿದ್ದರು.

“ಎಂಥಾ ಅಕ್ಷರರಿ! ಮುತ್ತು ಪೋಣಿಸಿದಂಗ!” ಎಂದರು ಮಾವನವರು ಹೆಮ್ಮೆಯಿಂದ. “ನಮ್ಮಲ್ಲಿ ಎಂಥಾ ಓದಿದ ಮಂದಿ ಅದಾರ ಅಂತ ಜನಕ್ಕ ಗೊತ್ತಾಗಬೇಕಲ್ರಿ.”

ಔಷಧ ಕಂಪನಿಯವನೊಬ್ಬ ಅದನ್ನು ಪೂರ್ತಿ ಓದಿ, ನನ್ನ ಕಡೆ ನೋಡಿ, ಮೆಲ್ಲಗೆ ತನ್ನ ಚೀಲ ಎತ್ತಿಕೊಂಡು ಹೋದ. ಡಾಕ್ಟರು ಓದಿ ಕಣ್ಣೀರು ಬರುವವರೆಗೆ ನಕ್ಕರು, ತೆಗೆಸಲಿಲ್ಲ.

ಆ ತಿಂಗಳ ‘ಇತರೆ’ಯಲ್ಲಿ ಒಂದೂವರೆ ರೂಪಾಯಿ ನನ್ನ ಪತ್ರಕ್ಕೆ ಕಟ್ಟು ಹಾಕಿಸಿದ್ದಕ್ಕೆ.

ನಾಲ್ಕನೆಯ ಇಡ್ಲಿ

ಮೂರನೆಯ ವರ್ಷ ಮಾವನವರ ಹರ್ನಿಯಾ ಇನ್ನು ತಡೆಯಲಾರೆನೆಂದಿತು. ಡಾಕ್ಟರೇ ಆಪರೇಷನ್ ಮಾಡಿದರು. ಮಾವನವರು ನನ್ನ ವಾರ್ಡಿನ ಏಳನೆಯ ಹಾಸಿಗೆಗೆ ಬಂದರು.

ಔಷಧಿ, ಇಂಜೆಕ್ಷನ್, ಡ್ರೆಸ್ಸಿಂಗ್, ಇವುಗಳಲ್ಲಿ ನಾನು ಕೂದಲೆಳೆಯಷ್ಟೂ ಕಡಿಮೆ ಮಾಡಲಿಲ್ಲ. ಅದು ನನ್ನ ಧರ್ಮ. ಗಟ್ಟಿ ಆಹಾರ ಕೊಡಬಹುದಾದ ದಿನ ಡಾಕ್ಟರು ‘ಬೆಳಿಗ್ಗೆ ಇಡ್ಲಿ ನಾಲ್ಕು’ ಎಂದು ಬರೆದರು. ಎದುರಿನ ಹೋಟೆಲಿನಿಂದ ನಾಲ್ಕು ತರಿಸಿದೆ. ತಟ್ಟೆಯಲ್ಲಿ ಮೂರು ಇಟ್ಟೆ. ಒಂದನ್ನು ಆಯಾಗೆ ಕೊಟ್ಟೆ.

ಮಾವನವರು ತಟ್ಟೆ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

“ಡಾಕ್ಟ್ರು ನಾಕು ಬರದಾರಲ್ರಿ?”

“ಬರೆದಿದ್ದಾರೆ.”

“ಮತ್ತ ಇನ್ನೊಂದೆಲ್ಲಿ?”

“ಮುರಿದುಕೊಂಡಿದ್ದೇನೆ.”

“ಯಾಕ್ರಿ?”

“ಇತರೆ.”

ನಾನು ಚಟ್ನಿ ಬಡಿಸುತ್ತಾ ಹೇಳಿದೆ: “ಇಡ್ಲಿಯಲ್ಲಿ ತೇವ ಇರುತ್ತದೆ, ಮ್ಯಾನೇಜರೇ.”

ಮರುದಿನವೂ ಮೂರೇ. ಅದರ ಮರುದಿನವೂ ಮೂರೇ, ನಾಲ್ಕನೆಯದು ಆಯಾಗೆ. ಡಾಕ್ಟರು ರೌಂಡ್ಸಿಗೆ ಬಂದಾಗ ಮಾವನವರು ಶಾಲೆಯ ಹುಡುಗನಂತೆ ದೂರು ಹೇಳಿದರು. ಡಾಕ್ಟರು, “ಮಾಮಾ, ವಾರ್ಡು ಅವರದು. ಅಲ್ಲಿ ನಂದೂ ನಡೆಯಂಗಿಲ್ಲ” ಎಂದು ಮುಂದಿನ ಹಾಸಿಗೆಗೆ ಹೋದರು. ನೋಡಲು ಬಂದಿದ್ದ ಮಾವನವರ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು, “ಮೂವತ್ತು ವರ್ಷ ಮಂದೀದು ಮುರಕೊಂಡೀರಿ, ಈಗ ಹೆಂಗೈತಿ?” ಎಂದು ಕೇಳಿದರು.

ಐದನೆಯ ಬೆಳಿಗ್ಗೆ ಮಾವನವರು ಟವೆಲನ್ನು ಹೊಟ್ಟೆಯ ಮೇಲೆ ಹರಡಿ, ಅದರ ಕೆಳಗಿಂದ ಕೈಯನ್ನು ನನ್ನ ಕಡೆ ಚಾಚಿದರು. ನಾನು ಟವೆಲ್ ಸರಿಸಿ, ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ನಾಡಿ ಎಣಿಸತೊಡಗಿದೆ. ಅವರು ಬೆರಳು ಮಡಚಿದರು, ಬಿಚ್ಚಿದರು, ಮತ್ತೆ ನನ್ನ ಕೈಗೆ ನಾಲ್ಕು ಬೆರಳು ಒತ್ತಿದರು.

“ಕೈ ಅಲುಗಾಡಿಸಬೇಡಿ” ಎಂದೆ. ಎಪ್ಪತ್ತೆಂಟು. ಚಾರ್ಟಿನಲ್ಲಿ ಬರೆದೆ.

ಆಯಾ ನೆಲ ಒರೆಸುತ್ತಿದ್ದವಳು ಬಟ್ಟೆ ಬಿಸಾಕಿ ಕುಳಿತೇಬಿಟ್ಟಳು. “ಅಯ್ಯೋ ಅಮ್ಮಾರೇ! ಹತ್ತಿ ಮಾರ್ಕೆಟ್‌ನಾಗ ಟವೆಲ್ ಕೆಳಗ ಬೆರಳು ಹಿಡದು ರೇಟ್ ಮಾತಾಡ್ತಾರಲ್ರಿ, ಅದು! ಅವ್ರು ವ್ಯಾಪಾರಕ್ಕ ಬಂದಾರ, ನೀವು ನಾಡಿ ನೋಡಾಕತ್ತೀರಿ!”

ನಾನು ಕೈ ಬಿಟ್ಟು, “ಏನಿದ್ದರೂ ಬಾಯಲ್ಲಿ ಹೇಳಿ” ಎಂದೆ.

ಮಾವನವರು ಅಕ್ಕಪಕ್ಕದ ಹಾಸಿಗೆಗಳನ್ನು ನೋಡಿ, ದನಿ ಇಳಿಸಿದರು. “ನಾಕು ಇಡ್ಲಿ. ಪೂರ್ತಿ ಪಗಾರ. ಆತಿಲ್ರಿ?”

“ಆಯಿತು.”

ಮರುದಿನದಿಂದ ತಟ್ಟೆಯಲ್ಲಿ ನಾಲ್ಕು ಇಡ್ಲಿ ಇದ್ದವು.

ಒಂದನೆಯ ತಾರೀಖು ಬಂತು. ಮಾವನವರು ಹೊಟ್ಟೆ ಹಿಡಿದುಕೊಂಡು ಮೇಜಿನ ಮುಂದೆ ಕುಳಿತು ಲಕೋಟೆ ಕೊಟ್ಟರು. ಅಲ್ಲೇ ನಿಂತು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ನೂರ ಎಂಬತ್ತೊಂದು.

“ಒಂದು ರೂಪಾಯಿ ಹೆಚ್ಚಿದೆ.”

“ಹೌದ್ರಿ.”

“ಯಾವುದಕ್ಕೆ?”

“ಇತರೆ” ಎಂದರು ಮಾವನವರು, ತಲೆ ಎತ್ತದೆ.

ಕಾರಣವಿಲ್ಲದ ಹಣವನ್ನು ಕಾನ್ವೆಂಟಿನಲ್ಲಿ ಓದಿದವಳು ಹೇಗೆ ಇಟ್ಟುಕೊಳ್ಳುವುದು? ವಾಪಸು ಕೊಡಲು ಹೋದರೆ ಖಾತೆ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟು ಕುಳಿತರು. ನೂರ ಎಂಬತ್ತನ್ನು ಪರ್ಸಿನಲ್ಲಿಟ್ಟು, ಆ ಒಂದು ನೋಟನ್ನು ಬೆರಳ ತುದಿಯಲ್ಲಿ ಹಿಡಿದು ಹೊರಗೆ ಬಂದೆ.

ಅಷ್ಟರಲ್ಲಿ ಆಯಾ ತನ್ನ ಚೀಟಿ ಹಿಡಿದು ಓಡಿ ಬಂದಳು. ಮುಖ ಹೂವಿನಂತೆ ಅರಳಿತ್ತು.

“ಅಮ್ಮಾರೇ, ನನ್ನ ಪಗಾರದಾಗ ಒಂದ್ರುಪಾಯಿ ಮುರಕೊಂಡಾರ! ಆದ್ರ ನೋಡ್ರಿ, ಮೊದಲ್ನೇ ಸಲ ಕಾರಣ ಬರದಾರ! ಓದ್ರಿ, ಓದ್ರಿ!”

ಓದಿದೆ. ‘ರೋಗಿಯ ಇಡ್ಲಿ ತಿಂದದ್ದು, ಐದು. ರೂ. 1-00.’

ನನ್ನ ಕೈಯಲ್ಲಿದ್ದ ನೋಟನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

“ಇದ್ಯಾಕ್ರಿ ಅಮ್ಮಾರೇ?” ಎಂದಳು ಆಯಾ.

ನಾನು ಟೋಪಿ ಸರಿಮಾಡಿಕೊಂಡು ವಾರ್ಡಿನ ಕಡೆ ತಿರುಗಿದೆ.

“ಇತರೆ” ಎಂದೆ.