ಹಟ್ಟಿಯಲ್ಲಿ ಕಾದು ಕುಳಿತ ಎರಡು ಸೀಟಿನ ಗಾಡಿ

ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ನನಗೆ ಕೈಕಾಲು ಆಡುವುದಿಲ್ಲ. ಒಂದೇ ಇದ್ದರೆ ತೊಂದರೆಯಿಲ್ಲ, ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ. ಹತ್ತು ಇದ್ದರೂ ತೊಂದರೆಯಿಲ್ಲ, ತಲೆ ಕೆಟ್ಟು ಅಂಗಡಿಯಿಂದಲೇ ಹೊರಗೆ ಬಂದುಬಿಡುತ್ತೇನೆ. ಎರಡು ಇದ್ದಾಗಲೇ ಫಜೀತಿ. ಹೋಟೆಲಿನಲ್ಲಿ "ಬನ್ಸ್ ಉಂಟು, ಗೋಳಿಬಜೆ ಉಂಟು, ಎಂತ ಬೇಕು?" ಎಂದು ಕೇಳಿದರೆ, ಪಕ್ಕದ ಮೇಜಿನವರ ತಟ್ಟೆಯನ್ನು ನೋಡಿ, ಅವರ ಮುಖದಲ್ಲಿ ತೃಪ್ತಿ ಕಾಣುತ್ತದೆಯೇ ಎಂದು ಪರೀಕ್ಷಿಸಿ, ಕೊನೆಗೆ ಬರೀ ಚಾ ಕುಡಿದು ಎದ್ದು ಬಂದದ್ದುಂಟು. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ನನ್ನದು. ಅಲ್ಲಿ ಈ ಸ್ವಭಾವಕ್ಕೆ ಸೂಕ್ಷ್ಮದೃಷ್ಟಿ ಎಂಬ ಒಳ್ಳೆಯ ಹೆಸರಿತ್ತು. ಮನೆಯಲ್ಲಿ ಇದಕ್ಕಿದ್ದ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವು ಆಗ ಬನ್ನಂಜೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಹೆಂಡತಿ ಸುಮತಿಗೆ ಐದು ತಿಂಗಳು. ಮೊದಲ ಮಗ ಸತೀಶನಿಗೆ ಒಂದೂಕಾಲು ವರ್ಷ. ಅವನು ನಡೆಯಲು ಬಾರದವನಲ್ಲ, ನಡೆಯಲು ಮನಸ್ಸಿಲ್ಲದವನು. ಯಾರೂ ಇಲ್ಲದಾಗ ಗೋಡೆ ಹಿಡಿದು ಹತ್ತು ಹೆಜ್ಜೆ ಇಡುತ್ತಿದ್ದ. ದೊಡ್ಡವರೊಬ್ಬರು ಕಣ್ಣಿಗೆ ಬಿದ್ದರೆ ಸಾಕು, ಎರಡೂ ಕೈ ಮೇಲೆತ್ತಿ ನಿಂತುಬಿಡುತ್ತಿದ್ದ. ಎತ್ತಿಕೊಳ್ಳುವವರೆಗೆ ರಾಗ ನಿಲ್ಲುತ್ತಿರಲಿಲ್ಲ. ತೂಕವೋ, ಒಂದು ಒಳ್ಳೆಯ ಹಲಸಿನ ಹಣ್ಣಿನಷ್ಟು. "ಇವನನ್ನು ಇನ್ನು ನೀವು ಎತ್ತಲೇಬಾರದು" ಎಂದು ಡಾಕ್ಟರಮ್ಮ ಸುಮತಿಗೆ ಖಡಾಖಂಡಿತವಾಗಿ ಹೇಳಿದ್ದರು. ಆದರೆ ನಾನು ಬೆಳಿಗ್ಗೆ ಮಣಿಪಾಲದ ಬಸ್ಸು ಹತ್ತಿದ ಮೇಲೆ ಅವಳು ಅವನನ್ನು ಎತ್ತುತ್ತಿದ್ದಳೆಂದು ನನಗೆ ಗೊತ್ತಿತ್ತು. ಅಳುವ ಮಗುವಿನ ಎದುರು ಯಾವ ತಾಯಿ ಎಷ್ಟು ಹೊತ್ತು ಕೈಕಟ್ಟಿ ನಿಂತಾಳು? ಸಂಜೆ ನಾನು ಬರುವಾಗ ಅವಳು ಸೊಂಟಕ್ಕೆ ಕೈಕೊಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದಳು. ಅದನ್ನು ಕಂಡಾಗಲೆಲ್ಲ ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು.

ಆ ಸಮಯಕ್ಕೆ ಸರಿಯಾಗಿ ದುಬೈಯಿಂದ ಸುಮತಿಯ ತಮ್ಮ ಉದಯನ ಕಾಗದ ಬಂತು. ಮೂರು ತಿಂಗಳಲ್ಲಿ ರಜೆಯಲ್ಲಿ ಬರುತ್ತೇನೆ, ಅಕ್ಕನಿಗೆ ಎರಡು ಸೀಟಿನ ಮಕ್ಕಳ ಗಾಡಿ ತರುತ್ತೇನೆ, ಸತೀಶನನ್ನೂ ಹುಟ್ಟುವ ಮಗುವನ್ನೂ ಕೂರಿಸಿ ತಳ್ಳಿಕೊಂಡು ಹೋದರಾಯಿತು ಎಂದು ಬರೆದಿದ್ದ. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆದರೆ ಕೊನೆಯಲ್ಲಿ ಒಂದು ಸಾಲು: "ಭಾವ, ಇದರಲ್ಲಿ ಎರಡು ನಮೂನೆ ಉಂಟು. ಒಂದರಲ್ಲಿ ಸೀಟು ಅಕ್ಕಪಕ್ಕ, ಇನ್ನೊಂದರಲ್ಲಿ ಹಿಂದೆ ಮುಂದೆ. ಯಾವುದು ಬೇಕು ಅಂತ ಬರೆಯಿರಿ." ಜೊತೆಗೆ ಯಾವುದೋ ಪುಸ್ತಕದಿಂದ ಕತ್ತರಿಸಿದ ಎರಡು ಬಣ್ಣದ ಚಿತ್ರಗಳು. ಎರಡರಲ್ಲೂ ಕೆಂಪು ಕೆನ್ನೆಯ ಮಕ್ಕಳು ಒಂದೇ ರೀತಿ ನಗುತ್ತಿದ್ದವು. ಅವುಗಳ ಮುಖ ನೋಡಿ ಏನನ್ನೂ ನಿರ್ಧರಿಸುವಂತಿರಲಿಲ್ಲ.

ದರ್ಜಿಯಿಂದ ಟೇಪು ತಂದು ಬಾಗಿಲು ಅಳೆದೆ, ಗೇಟು ಅಳೆದೆ, ಭಾನುವಾರ ಬೆಳಿಗ್ಗೆ ನಮ್ಮ ಓಣಿಯನ್ನೂ ಅಳೆಯತೊಡಗಿದೆ. ಆಚೆಮನೆಯ ವಾಸು ಮಾಸ್ಟ್ರು, ನಿವೃತ್ತರು, ಬನಿಯನ್ನಿನಲ್ಲೇ ಓಡಿ ಬಂದರು. "ಎಂತ ಮಾರಾಯ್ರೆ, ರಸ್ತೆ ಅಗಲ ಮಾಡ್ಲಿಕ್ಕೆ ಉಂಟಾ? ನನ್ನ ಕಂಪೌಂಡು ಹೋಗ್ತದಾ?" ವಿಷಯ ತಿಳಿಸಿದ ಮೇಲೆ ಅವರಿಗೆ ಹೋದ ಜೀವ ಬಂತು. ಆ ಖುಷಿಯಲ್ಲಿ ಸಲಹೆಯನ್ನೂ ಕೊಟ್ಟರು. "ಅಕ್ಕಪಕ್ಕ ಬೇಡವೇ ಬೇಡ. ನಾನು ಶಾಲೆಯಲ್ಲಿ ಎಷ್ಟು ವರ್ಷ ನೋಡಿದ್ದೇನೆ, ಅಕ್ಕಪಕ್ಕ ಕೂರಿಸಿದರೆ ಚಿವುಟ್ತಾರೆ." ಸರಿ, ಹಿಂದೆ ಮುಂದೆ ಎಂದೇ ಇಟ್ಟುಕೊಂಡೆ. ಮರುದಿನ ಮುದ್ರಣಾಲಯದಲ್ಲಿ, ದಿನಾ ಕಾರ್ಕಳದಿಂದ ಬರುವ ಸಹೋದ್ಯೋಗಿ ಪ್ರಭಾಕರ ಚಿತ್ರ ನೋಡಿ ತಲೆ ಅಲ್ಲಾಡಿಸಿದ. "ಹಿಂದೆ ಕೂತ ಮಗುವಿಗೆ ಎಂತ ಕಾಣ್ತದೆ, ಹೇಳು? ನಾನು ದಿನಾ ಬಸ್ಸಿನಲ್ಲಿ ಎದುರಿನವನ ಕುತ್ತಿಗೆ ನೋಡ್ತಾ ಬರುವವ. ಅದು ಎಂತ ಬದುಕು ಅಂತ ನನಗೆ ಗೊತ್ತುಂಟು." ಅದೂ ಸರಿಯೆನಿಸಿತು. ಸುಮತಿಯನ್ನು ಕೇಳಿದರೆ, "ಯಾವುದಾದರೂ ಆಗ್ತದೆ, ಬೇಗ ಬಂದರೆ ಸಾಕು. ಮೊದಲು ಕಾಗದ ಬರೆಯಿರಿ" ಎಂದಳು. ಹೀಗೆ ಬೇಜವಾಬ್ದಾರಿಯಿಂದ ಮಾತಾಡಿದರೆ ಹೇಗೆ ಎಂದು ನನಗೆ ಬೇಸರವೇ ಆಯಿತು.

ಹದಿನೈದು ದಿನಗಳ ಮೇಲೆ ಕಾಗದ ಬರೆದೆ. ಮೂರು ಪುಟ. ಎರಡೂ ನಮೂನೆಗಳ ಗುಣದೋಷಗಳನ್ನು ಕೂಲಂಕಷವಾಗಿ ಚರ್ಚಿಸಿ, ಓಣಿಯ ಅಳತೆಯನ್ನೂ ಕೊಟ್ಟು, ಕರಡನ್ನು ಎರಡು ಸಲ ತಿದ್ದಿ ಅಂಚೆಗೆ ಹಾಕಿದೆ. ಅದಕ್ಕೆ ಉತ್ತರ ಬರಲಿಲ್ಲ, ಉದಯನೇ ಬಂದ. ಸುಮತಿ ಆಗ ಹೆರಿಗೆಗೆಂದು ಕಾಪುವಿನ ತವರಿಗೆ ಹೋಗಿದ್ದಳು. ನಾನು ಶನಿವಾರ ಅಲ್ಲಿಗೆ ಹೋದಾಗ ಉದಯ ಕೈಮುಗಿದ. "ಭಾವ, ನಿಮ್ಮ ಕಾಗದ ಮೂರು ಸಲ ಓದಿದೆ. ಯಾವುದು ಬೇಕು ಅಂತ ಕಡೆವರೆಗೂ ಗೊತ್ತಾಗಲಿಲ್ಲ. ನನಗೆ ಕಂಡದ್ದು ತಂದೆ." ನನ್ನ ತಲೆಯ ಮೇಲಿನ ಹೊರೆ ಇಳಿದಂತಾಯಿತು. "ಎಲ್ಲಿದೆ ಗಾಡಿ?" ಎಂದೆ. ಅವನು ಅಂಗಳದ ಆಚೆಗಿನ ದನದ ಹಟ್ಟಿಯತ್ತ ಕೈ ತೋರಿಸಿದ.

ನಾನೂ ಉದಯನೂ ಸೇರಿ ಎಲ್ಲವನ್ನೂ ಲೆಕ್ಕ ಹಾಕಿದ್ದೆವು, ಅತ್ತೆಯವರೊಬ್ಬರನ್ನು ಬಿಟ್ಟು. ಹುಟ್ಟದ ಮಗುವಿಗೆಂದು ಒಂದು ಅಂಗಿಯನ್ನೂ ಮನೆಯೊಳಗೆ ತರಬಾರದು ಎನ್ನುವವರು ಅವರು. "ತೊಟ್ಟಿಲನ್ನೇ ಹೆತ್ತ ಮೇಲೆ ಅಟ್ಟದಿಂದ ಇಳಿಸುವುದು. ನೀವು ಗಾಡಿಯನ್ನೇ ತಂದು ಕೂತಿದ್ದೀರಲ್ಲ! ಹೆಸರಿಡುವ ದಿನದವರೆಗೆ ಕಟ್ಟು ಬಿಚ್ಚಬಾರದು, ಆಯ್ತಾ?" ಎಂದರು. ನಾನು ಧೈರ್ಯ ಮಾಡಿ, "ಅತ್ತೆ, ಒಂದು ಸೀಟು ಸತೀಶನದಲ್ಲವಾ? ಅವನು ಹುಟ್ಟಿ ಆಗಿದೆಯಲ್ಲ" ಎಂದೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಅರ್ಧ ಗಾಡಿ ಒಳಗೆ ತರಲಿಕ್ಕೆ ಆಗ್ತದಾ?" ಎಂದು ಕೇಳಿದರು. ಹೋಗಲಿ, ತಂದದ್ದು ಯಾವ ನಮೂನೆಯದು ಎಂದು ಉದಯನನ್ನು ಗುಟ್ಟಿನಲ್ಲಿ ಕೇಳಿದೆ. ಅವನು ನಕ್ಕು, "ಈಗ ಹೇಳಿದರೆ ನೀವು ಪುನಃ ಯೋಚನೆ ಮಾಡ್ತೀರಿ, ಭಾವ" ಎಂದ. ರಜೆ ಮುಗಿಸಿ ವಿಮಾನ ಹತ್ತುವವರೆಗೂ ಬಾಯಿ ಬಿಡಲಿಲ್ಲ. ಪೆಟ್ಟಿಗೆ ಎರಡು ತಿಂಗಳು ಹಟ್ಟಿಯಲ್ಲಿ, ಬೈಹುಲ್ಲಿನ ಪಕ್ಕದಲ್ಲಿ ಕುಳಿತಿತ್ತು. ಸತೀಶ ಅಜ್ಜಿಯ ಸೊಂಟದ ಮೇಲೆ ಕುಳಿತಿದ್ದ. ಅತ್ತೆ ಒಳಗಿಲ್ಲದಾಗ ಅಮ್ಮನ ಸೊಂಟಕ್ಕೇ ಬರುತ್ತಿದ್ದ, ನನ್ನ ಹೆದರಿಕೆಯೂ ಹಾಗೇ ಇತ್ತು.

ಹೆಣ್ಣುಮಗು ಹುಟ್ಟಿತು. ತಾಯಿಯೂ ಮಗುವೂ ಚೆನ್ನಾಗಿದ್ದಾರೆ ಎಂದು ಡಾಕ್ಟರಮ್ಮ ಬಂದು ಹೇಳಿದಾಗ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಅಳುವುದೋ ನಗುವುದೋ ಎಂದು ಆ ಹೊತ್ತಿನಲ್ಲಿ ಮಾತ್ರ ನಾನು ಯೋಚಿಸಲಿಲ್ಲ.

ಹೆಸರಿಟ್ಟ ದಿನ ಊಟವಾದ ಮೇಲೆ ಅತ್ತೆಯ ಅಪ್ಪಣೆಯಾಯಿತು. ಪೆಟ್ಟಿಗೆ ಬಿಚ್ಚಿದರೆ ಸೆಗಣಿಯ ವಾಸನೆಯ ನಡುವೆ ಹೊಳೆಹೊಳೆಯುವ ನೀಲಿ ಗಾಡಿ. ಹಿಂದೆ ಮುಂದೆ! ನಾನು ಉತ್ಸಾಹದಿಂದ ಅಂಗಳ ದಾಟಿಸಿ ದಾರಿಗಿಳಿಸಿದೆ. ನಾಲ್ಕು ಚಕ್ರಗಳೂ ಅರ್ಧಕ್ಕೆ ಹೂತುಹೋದವು. ಬನ್ನಂಜೆಯ ಓಣಿಯನ್ನು ಇಂಚಿಂಚಾಗಿ ಅಳೆದ ನನಗೆ, ಕಾಪುವಿನ ಕಡಲತಡಿಯ ಮನೆಯ ದಾರಿ ಬರೀ ಹೊಯಿಗೆ, ಸಡಿಲ ಮರಳು ಎಂಬುದು ಹೊಳೆದಿರಲಿಲ್ಲ. ಗಾಡಿಯನ್ನು ಹೊತ್ತು ಅಂಗಳಕ್ಕೇ ತಂದೆ. ಸತೀಶನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರೆ ಕಿರುಚಿದ. ಮುಂದೆ ಕೂರಿಸಿದರೆ ಇನ್ನೂ ಜೋರಾಗಿ ಕಿರುಚಿದ. ಕೆಳಗಿಳಿಸಿ, ಮುಂದಿನ ಸೀಟಿನಲ್ಲಿ ಹಾಸಿಗೆ ಮಾಡಿ ಮಗುವನ್ನು ಮಲಗಿಸಿದೆವು. ಅವನು ಎಂದಿನಂತೆ ಎರಡೂ ಕೈ ಎತ್ತಿ ನಿಂತ. ಯಾರೂ ನೋಡಲಿಲ್ಲ, ಎಲ್ಲರೂ ಮಗುವಿನ ಮೇಲೆ ಬಾಗಿದ್ದರು. ಕೊನೆಗೆ ಕೈ ಇಳಿಸಿ, ಗಾಡಿಯ ಹಿಂದಿದ್ದ ಅಡ್ಡಕಂಬಿ ಹಿಡಿದು ಒಮ್ಮೆ ತಳ್ಳಿದ. ಗಾಡಿ ಹೋಯಿತು. ಅವನೂ ಹೋದ. ಸೆಗಣಿ ಸಾರಿಸಿದ ಅಂಗಳದಲ್ಲಿ ತುಳಸಿಕಟ್ಟೆಯವರೆಗೆ ತಂಗಿಯನ್ನು ತಳ್ಳಿಕೊಂಡು ಹೋಗಿ, ತಿರುಗಿ ನಮ್ಮನ್ನು ನೋಡಿದ. ಎತ್ತಲು ಹೋದ ಅಜ್ಜಿಯ ಕೈಯನ್ನು ಸರಿಸಿದ. ಸುಮತಿ ಚಾವಡಿಯಲ್ಲಿ ಕುಳಿತೇ ನೋಡುತ್ತಿದ್ದಳು. "ಇನ್ನು ಎತ್ತುವುದು ಬೇಡ, ಅಲ್ವಾ?" ಎಂದು ಕಣ್ಣೊರೆಸಿಕೊಂಡಳು. ಐದಾರು ತಿಂಗಳಿನಿಂದ ನನ್ನ ಎದೆಯಲ್ಲಿ ಕುಳಿತಿದ್ದ ಹೆದರಿಕೆ ಆಗ ಎದ್ದು ಹೋಯಿತು.

ಸಂಜೆಯವರೆಗೂ ಸತೀಶ ಅಂಗಳದ ಉದ್ದಗಲ ಗಾಡಿ ತಳ್ಳಿದ. ಅತ್ತೆ ಚಾವಡಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಅದನ್ನೇ ನೋಡುತ್ತಿದ್ದರು. "ಹಿಂದಿನ ಸೀಟು ಖಾಲಿಯೇ ಉಂಟಲ್ಲ" ಎಂದು ನಿಧಾನವಾಗಿ ಹೇಳಿ, ಸುಮತಿಯ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಸುಮತಿಯೂ ನನ್ನನ್ನೇ ನೋಡಿದಳು. ನನ್ನ ಬದುಕಿನಲ್ಲಿ ಅದೇ ಮೊದಲು, ನಾನು ಯಾರ ಸಲಹೆಯನ್ನೂ ಕೇಳಲಿಲ್ಲ. ಎದ್ದು ಸೀದಾ ಒಳಗೆ ಹೋಗಿ ಮೂರು ದೊಡ್ಡ ತೆಂಗಿನಕಾಯಿ ತಂದು, ಇನ್ನು ಯಾರಿಗೂ ಜಾಗವಿಲ್ಲದಂತೆ ಆ ಸೀಟಿನಲ್ಲಿ ಕೂರಿಸಿ, ಬೆಲ್ಟನ್ನೂ ಬಿಗಿದೆ.