ಕೂತು ಪ್ರಾರ್ಥನೆ ಮಾಡುವ ಶರ್ಟು

ಆ ಭಾನುವಾರದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಬಿಳಿ ಶರ್ಟು. ಅದನ್ನು ತೊಟ್ಟು, ಸ್ಕ್ರೂಡ್ರೈವರನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು, ಕರೆಂಟು ಕೆಲಸದ ನಮ್ಮ 'ಒಂದ್ನಿಮಿಷ' ಚರ್ಚಿಗೆ ಹೊರಟ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಸಭೆಯವರೆಲ್ಲ "ಒಂದ್ನಿಮಿಷ ಬಾಪ್ಪ" ಎಂದು ಕರೆದೂ ಕರೆದೂ ಅದೇ ಅವನ ಹೆಸರಾಗಿಬಿಟ್ಟಿತ್ತು. ಮೈಕು, ಫ್ಯಾನು, ಕುರ್ಚಿ, ಗಂಟೆಯ ಹಗ್ಗ, ಎಲ್ಲ ಅವನ ತಲೆಗೇ. ಯಾಕೆಂದರೆ ಅವನಿಗೆ ಮದುವೆಯಾಗಿರಲಿಲ್ಲ. "ನಿನಗೇನಪ್ಪ, ಒಬ್ಬನೇ ತಾನೆ!" ಎಂದುಬಿಟ್ಟರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ದೇವರ ಸೇವೆ ಮಾಡಲು ಅವನದೇನೂ ತಕರಾರಿರಲಿಲ್ಲ. ಆದರೆ ದೇವರ ಮನೆಗೆ ಫ್ಯೂಸು ಹಾಕುತ್ತಾ ಹಾಕುತ್ತಾ ದೇವರ ಜೊತೆ ನಾಲ್ಕು ಮಾತಾಡಿ ವರ್ಷಗಳೇ ಆಗಿದ್ದವು. ಒಂದೇ ಒಂದು ಆರಾಧನೆಯಲ್ಲಿ ನೆಮ್ಮದಿಯಾಗಿ ಬೆಂಚಿನ ಮೇಲೆ ಕೂರಬೇಕು, ಕಣ್ಣು ಮುಚ್ಚಬೇಕು, ಇಷ್ಟೇ ಅವನ ಆಸೆ. ಮದುವೆಯಾದ ಗಂಡಸರನ್ನು ಕಂಡರೆ ಅವನಿಗೆ ಹೊಟ್ಟೆಕಿಚ್ಚು. ಕುರ್ಚಿ ಎತ್ತುವ ಹೊತ್ತಿಗೆ ಸರಿಯಾಗಿ "ಮನೇಲಿ ಕಾಯ್ತಿರ್ತಾಳೆ" ಎಂದು ಜಾರಿಕೊಳ್ಳುತ್ತಿದ್ದರಲ್ಲ! ಮದುವೆಯಾಗದೆ ತನಗೆ ಬಿಡುಗಡೆಯಿಲ್ಲ ಎಂಬುದು ಅವನಿಗೆ ಖಾತ್ರಿಯಾಗಿತ್ತು. ಯಾರನ್ನು ಎಂಬುದೂ ಖಾತ್ರಿಯಾಗಿತ್ತು: ಆ ಶರ್ಟು ಹೊಲಿದುಕೊಟ್ಟ, ಅದೇ ಸಭೆಯ ಟೈಲರಮ್ಮನನ್ನು.

"ಇದು ಕೂತು ಪ್ರಾರ್ಥನೆ ಮಾಡೋ ಶರ್ಟು. ವೈರು ಎಳೆಯೋಕಲ್ಲ, ಹೇಳಿದೀನಿ" ಎಂದು ಕೊಡುವಾಗ ಅವಳು ನಕ್ಕಿದ್ದಳು. ಆ ನಗು ನೋಡಿದ ಮೇಲೆ ಅವನಿಗೆ ನಿದ್ದೆಯೂ ಇಲ್ಲ, ಊಟವೂ ಇಲ್ಲ. ಇವತ್ತು ಕೇಳಿಯೇಬಿಡುವುದೆಂದು ಗಟ್ಟಿಮನಸ್ಸು ಮಾಡಿದ್ದ.

ಗೇಟಿನಲ್ಲೇ ಬೇಕರಿಯಮ್ಮ ಸಿಕ್ಕಳು. ಬೇಕರಿಯಮ್ಮ ಎಂದರೆ ಸಭೆಯ ವಾರ್ತಾ ಇಲಾಖೆ. ಮುಂದಿನ ಬೆಂಚಿನ ತುದಿ ಅವಳ ಖಾಯಂ ಜಾಗ.

"ಒಂದ್ನಿಮಿಷ ಬಾರೋ. ಅಡುಗೆಕೋಣೆ ನಲ್ಲಿ ನಿಲ್ತಾನೇ ಇಲ್ಲ."

"ಆಂಟಿ, ನಾನು ಕರೆಂಟಿನವನು. ನಲ್ಲಿ ರಿಪೇರಿಯವನು ಒಳಗೇ ಕೂತಿದಾನಲ್ಲ!"

"ಅವನಿಗೆ ಮೂರು ಮಕ್ಕಳು ಕಣೋ, ಪಾಪ! ಅವನನ್ನ ಎಬ್ಬಿಸೋಕಾಗುತ್ತಾ? ನಿನಗೇನು, ಒಬ್ಬನೇ ತಾನೆ."

ನಲ್ಲಿ ರಿಪೇರಿಯವನು ಒಳಗೆ ಎದೆತುಂಬಿ ಹಾಡುತ್ತಿದ್ದ. ಹೊರಗೆ ನಲ್ಲಿಯ ತುಕ್ಕುನೀರು ಶರ್ಟಿನ ತೋಳನ್ನೆಲ್ಲ ಕೆಂಪು ಮಾಡಿತು.

ಹೇಗೋ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಕಣ್ಣು ಮುಚ್ಚಿದ್ದೇ ತಡ, ಮಡಿಲಲ್ಲಿ ಏನೋ ಬೆಚ್ಚಗೆ ಬಿತ್ತು. ಬ್ಯಾಂಕಿನ ಗುಮಾಸ್ತರ ಕೂಸು.

"ಒಂದ್ನಿಮಿಷ ಹಿಡ್ಕೊಳ್ಳಿ. ನಾವಿಬ್ರೂ ಸಮಾಧಾನವಾಗಿ ಪ್ರಾರ್ಥನೆ ಮಾಡ್ಬೇಕು" ಎಂದರು ಗುಮಾಸ್ತರು.

ಅವರು ಸಮಾಧಾನವಾಗಿ ಪ್ರಾರ್ಥಿಸಿದರು. ಕೂಸು ಸಮಾಧಾನವಾಗಿ ಅವನ ಭುಜದ ಮೇಲೆ ಹಾಲು ಕಕ್ಕಿತು.

ಪಾದ್ರಿಗಳ ಪ್ರಸಂಗ ಶುರುವಾಗುವ ಹೊತ್ತಿಗೆ, ಮಕ್ಕಳನ್ನು ಕೂರಿಸಿದ್ದ ಪಕ್ಕದ ಕೋಣೆಯಲ್ಲಿ ದೀಪ ಹೋಗಿ ಎಲ್ಲರೂ ಕಿರುಚಿದರು. ಪಾದ್ರಿಗಳು ಬೋಧಿಸುತ್ತಲೇ ಇವನತ್ತ ಹುಬ್ಬು ಹಾರಿಸಿದರು. ಹುಬ್ಬಿಗೂ ಅದೇ ಅರ್ಥ: ಒಂದ್ನಿಮಿಷ. ಅಳು ಬಂದಂತಾಯಿತು ಅವನಿಗೆ. ಕೂಸನ್ನು ಅದರಪ್ಪನಿಗೆ ಒಪ್ಪಿಸಿ ಎದ್ದ.

ಕತ್ತಲೆಯ ಕೋಣೆಯಲ್ಲಿ ಮಕ್ಕಳನ್ನು ಸುಮ್ಮನಿರಿಸುತ್ತಿದ್ದವಳು ಟೈಲರಮ್ಮ! ಅವನು ಏಣಿ ಹತ್ತಿದ, ಅವಳು ಏಣಿ ಹಿಡಿದಳು. ಅರೆಗತ್ತಲಲ್ಲೂ ಅವಳ ಕಣ್ಣು ತೋಳಿಗೇ ಬಿತ್ತು.

"ಅಯ್ಯೋ, ಶರ್ಟಿನ ಗತಿ ನೋಡಿ!"

"ಶರ್ಟು ಹಾಳಾಗ್ಲಿ ಬಿಡ್ರೀ. ಒಂದ್ನಿಮಿಷ ಕೇಳಿ. ನನ್ನ ಮದ್ವೆ ಆಗ್ತೀರಾ?"

ಏಣಿ ಗಡಗಡ ನಡುಗಿತು.

"ಇದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದಳು. "ನಾನು ಪೂರ್ತಿ ಪ್ರಸಂಗ ಕೇಳಿ ಎಷ್ಟು ಕಾಲ ಆಯ್ತು ಗೊತ್ತಾ? ಮಕ್ಕಳು ನಾನೇ, ಹೂವು ನಾನೇ, ಹಾಡೋರ ನಿಲುವಂಗಿ ನಾನೇ. ಬಾಯಿ ತೆಗೆದ್ರೆ, ನಿಮಗೇನಮ್ಮ, ಒಬ್ಬರೇ ತಾನೆ!"

"ಇನ್ಮೇಲೆ ಇಬ್ರೂ ಪಕ್ಕಪಕ್ಕ ಕೂರೋಣ, ಕಣ್ಣು ಮುಚ್ಚಿ."

"ಯಾರು ಕರೆದ್ರೂ ತೆಗೆಯೋದು ಬೇಡ, ಆಯ್ತಾ?"

ಬಲ್ಬು ಹತ್ತಿಕೊಂಡಿತು. ಗಲಾಟೆ ಏನೆಂದು ನೋಡಲು ಬಂದಿದ್ದ ಬೇಕರಿಯಮ್ಮ ಬಾಗಿಲಲ್ಲಿ ಕೆನ್ನೆಗೆ ಕೈ ಹಚ್ಚಿ ನಿಂತಿದ್ದಳು. "ಸ್ತೋತ್ರ!" ಎಂದವಳೇ ಮಾಯವಾದಳು.

ಕೊನೆಯ ಹಾಡಿಗೆ ಮಕ್ಕಳನ್ನೆಲ್ಲ ಅವರವರ ಅಪ್ಪ ಅಮ್ಮಂದಿರ ಬಳಿ ಬಿಟ್ಟು, ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತರು. ಅವನು ಕಣ್ಣು ಮುಚ್ಚಿ "ದೇವರೇ" ಎಂದ.

"ಪ್ರಿಯರೇ, ಆಶೀರ್ವಾದಕ್ಕೆ ಮೊದಲು ಒಂದ್ನಿಮಿಷ" ಎಂದರು ಪಾದ್ರಿಗಳು. ಅಭ್ಯಾಸಬಲ, ಅವನ ಕಣ್ಣು ತೆರೆದುಕೊಂಡಿತು. ಬೇಕರಿಯಮ್ಮ ವೇದಿಕೆಯಿಂದ ಇಳಿದು ತನ್ನ ಜಾಗಕ್ಕೆ ಹೋಗುತ್ತಿದ್ದಳು.

"ನಮ್ಮ ಈ ಇಬ್ಬರು ಸೇವಕರು ಮದುವೆ ಆಗ್ತಿದಾರೆ. ಇದಕ್ಕಾಗಿ ನಾನು ಎಷ್ಟು ದಿನದಿಂದ ಕಾಯ್ತಿದ್ದೆ! ಒಂಟಿ ಇರೋರ ಮನೆಗೆ ವಹಿಸೋಕಾಗದ ಸೇವೆಗಳು ಎಷ್ಟೋ ಬಾಕಿ ಬಿದ್ದಿವೆ. ವಾರದ ಮನೆಪ್ರಾರ್ಥನೆ, ಹೊರಗಿಂದ ಬರೋ ಬೋಧಕರ ಊಟ ವಸತಿ, ಜಗಳ ಆಡ್ಕೊಂಡ ಗಂಡ ಹೆಂಡತಿಗೆ ಬುದ್ಧಿ ಹೇಳೋದು, ಎಲ್ಲ ಇನ್ಮೇಲೆ ಅವರ ಮನೇಲೇ. ಮೈಕು, ಮಕ್ಕಳು ಅಂತೂ ಇದ್ದೇ ಇದೆ."

ಟೈಲರಮ್ಮ ಅರ್ಧ ಎದ್ದಳು. "ಅಯ್ಯನವರೇ, ಮದುವೆ ಆದೋರಿಗೆ ಮನೆ ಕಡೆ ಕೆಲ್ಸ ಇರುತ್ತಲ್ವಾ?"

ಉತ್ತರ ಕೊಟ್ಟವಳು ಮುಂದಿನ ಬೆಂಚಿನಿಂದ ಹಿಂದಕ್ಕೆ ತಿರುಗಿದ ಬೇಕರಿಯಮ್ಮ.

"ಅದೆಲ್ಲ ಮಕ್ಕಳಾದೋರಿಗೆ ಕಣಮ್ಮಾ. ನಿಮಗೇನು, ಇಬ್ಬರೇ ತಾನೆ!"

"ಆಮೆನ್!" ಎಂದಿತು ಸಭೆ. ಎಲ್ಲರಿಗಿಂತ ಜೋರಾಗಿ ಕೂಗಿದವನು ನಲ್ಲಿ ರಿಪೇರಿಯವನು.