ಪಿಕಳಾರಕ್ಕೆ ಕುಬಸ

ನಮ್ಮ ಸೋದರಮಾವನ ತಲೆ ಕೆಟ್ಟಿದೆ ಎಂದು ಇಳಕಲ್ಲಿನಲ್ಲಿ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೆಡಬೇಕಾದರೆ ಮೊದಲು ಸರಿ ಇದ್ದಿರಬೇಕಲ್ಲ!

ಊರ ಹೊರಗೆ ಅವನಿಗೊಂದು ಗುಡ್ಡವಿದೆ. ಒಳಗೆಲ್ಲ ಕೆಂಪು ಗ್ರಾನೈಟು! ಬರಿಗೈಯಿಂದ ಸೀರೆ ಅಂಗಡಿ ಕಟ್ಟಿದ ನಾನು, ಕ್ವಾರಿ ಸಾಹುಕಾರರೊಬ್ಬರ ಜೊತೆ ವಾರಗಟ್ಟಲೆ ಜಗ್ಗಾಡಿ ಒಳ್ಳೆಯ ದರಕ್ಕೆ ಒಪ್ಪಿಸಿದೆ. (ನಿಮಗೊಂದು ಪುಕ್ಕಟೆ ಸಲಹೆ: ಚೌಕಾಸಿಗೆ ಹೊಟ್ಟೆ ತುಂಬ ಉಂಡು ಹೋಗಿ. ಹಸಿದವನು ಬೇಗ ಒಪ್ಪಿಬಿಡುತ್ತಾನೆ.) ಸಹಿಯೊಂದೇ ಬಾಕಿ. ಮಾವ ಪೆನ್ನಿನ ಟೊಪ್ಪಿಗೆ ತೆಗೆದ, ಮತ್ತೆ ಹಾಕಿದ.

“ಆಗೂದಿಲ್ರಿ ಸಾಹುಕಾರ್ರ. ಗುಡ್ಡದಾಗ ಬಸುರಿ ಅದಾಳ.”

ಸಾಹುಕಾರರು ಗಾಬರಿಯಾಗಿ, ಮಾವನ ಪಕ್ಕ ಕೂತಿದ್ದ ಅವನ ಹೆಂಡತಿ, ನಮ್ಮ ಅತ್ತೆಯತ್ತ ನೋಡಿದರು. ಅತ್ತೆಗೆ ಅರವತ್ತು ದಾಟಿದೆ!

ಬಸುರಿ ಎಂದರೆ ಹಳದಿ ಕೊರಳಿನ ಪಿಕಳಾರ ಹಕ್ಕಿ! ಬಂಡೆಯ ಸಂದಿಯಲ್ಲಿ ಗೂಡು ಕಟ್ಟುತ್ತಿತ್ತಂತೆ.

“ಮಾಮಾ, ಅದು ಬ್ಯಾರೆ ಗುಡ್ಡಕ್ಕ ಹಾರಿ ಹೋಗ್ತೈತಿ ಬಿಡು,” ಎಂದೆ.

“ಯಾವ ಗುಡ್ಡಕ್ಕಲೇ? ಎಲ್ಲಾ ಒಡದು ನೆಲಕ್ಕ ಹಾಸೂ ಫರಸಿ ಮಾಡೀರಿ! ನಮ್ಮ ದಕ್ಷಿಣದ ಕಲ್ಲುಗುಡ್ಡ ಬಿಟ್ಟರ ಜಗತ್ತಿನಾಗ ಎಲ್ಲೂ ಇಲ್ಲ ಆಕಿ. ಕುಲಾನ ಅಳಿಯೂ ಅಪಾಯ ಐತಿ ಅಂತಾರ ಹಕ್ಕಿ ಬಲ್ಲವರು. ಮನ್ಯಾಗ ಬಸುರಿ ಇದ್ದಾಗ ಯಾರರ ನೆಲ ಅಗೀತಾರೇನು?”

ಸಾಹುಕಾರರು ತಲೆಯಾಡಿಸಿಬಿಟ್ಟರು! ಸೊಸೆ ಬಸುರಿ ಎಂದು ಅವರೂ ಹೊಸ ಮನೆಯ ಪಾಯ ಅರ್ಧಕ್ಕೆ ನಿಲ್ಲಿಸಿದ್ದರು. “ಖರೆ ಐತ್ರಿ. ಹಡೀಲಿ, ಆಮ್ಯಾಲೆ ನೋಡೂಣು.”

ಅಲ್ಲಿಗೆ ಮುಗಿಯಿತೆ? ಚೊಚ್ಚಲ ಬಸುರಿಗೆ ತವರಿನವರು ರವಿಕೆಯ ಖಣ ಕೊಟ್ಟು ಆರತಿ ಎತ್ತುತ್ತಾರಲ್ಲ, ಆ ಕುಬಸ ಹಕ್ಕಿಗೂ ಆಗಬೇಕೆಂದು ಮಾವ ಹಟ ಹಿಡಿದ.

“ಚೊಚ್ಚಲ ಅಂತ ಹ್ಯಾಂಗ ಗೊತ್ತು?”

“ನೀನ ಹೋಗಿ ಕೇಳ್ಕೊಂಡ ಬಾ!”

ಖಣ ನನ್ನ ಅಂಗಡಿಯದೇ, ಪುಕ್ಕಟೆ! ಮುತ್ತೈದೆಯರು ಗೂಡಿನಿಂದ ದೂರದಲ್ಲಿ ಮಣೆ ಹಾಕಿ ಕೂತರು. “ಸಾವಕಾಶ ಹಾಡ್ರೆವಾ, ಅಂಜ್ಯಾಳು,” ಎಂದ ಮಾವ. ಸೋಬಾನೆ ಪದ ತುಟಿಯಲ್ಲೇ ನಡೆಯಿತು. ಆದರೆ ಖಣ ಕೊಡುವುದು ಯಾರಿಗೆ? ಹಕ್ಕಿ ಬಂದು ಮಣೆಯ ಮೇಲೆ ಕೂಡುವುದುಂಟೆ?

ಮಾವ ಅತ್ತೆಯ ಕೈ ಹಿಡಿದು ಎಬ್ಬಿಸಿದ. ಮಕ್ಕಳಿಲ್ಲದ ಅತ್ತೆ, ಯಾರ ಮನೆಯ ಕುಬಸವಿದ್ದರೂ ಅಡುಗೆಮನೆಯಿಂದ ಹೊರಗೆ ಬಾರದವಳು.

“ಬ್ಯಾಡ್ರಿ, ಮಂದಿ ನಗತಾರ.”

“ನಗಲಿ. ನಮ್ಮ ಮಗಳ ಇದ್ದಾಂಗ ಆಕಿ, ಆಕಿ ಬದಲಿ ನೀ ಕುಂದ್ರು.”

ಉಡಿಗೆ ಖಣ ಬಿದ್ದಾಗ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಂಡೆಯ ಹಿಂದೆ ಪಿಕಳಾರ ಮಾತ್ರ ಗಂಟಲು ಬಿಚ್ಚಿ ಹಾಡಿತು.

ನಿನ್ನೆ ಸಾಹುಕಾರರ ಫೋನು. “ಹಡದಾಳೇನ್ರಿ?”

ಚೌಕಾಸಿ ನನಗೆ ಹೇಳಿಕೊಡಬೇಕೆ? “ಹಡದಾಳ್ರಿ. ಆದರ ನಮ್ಮತ್ತಿ ಈಗಷ್ಟ ಅಜ್ಜಿ ಆಗ್ಯಾಳ, ಸಾಹುಕಾರ್ರ. ಗುಡ್ಡದ ಮಾತು ಬಿಡ್ರಿ.”